ಬಣ್ಣ ಕುಡಿದ ಹೂಗಳು

ಇಗರ್ಜಿಯಿಂದ ಮನೆಗೆ ಬರುವ ದಾರಿಯಲ್ಲಿ ನಮ್ಮ ಹೆಂಗಸರ ವಿಮರ್ಶೆಗೆ ಸಿಗದೆ ಉಳಿಯುವ ಸಂಗತಿಗಳು ಕಡಿಮೆ. ಗುರುಗಳ ಪ್ರಸಂಗ ಉದ್ದವಾಯಿತೋ ಗಿಡ್ಡವಾಯಿತೋ, ಗಾಯನದವರು ಶ್ರುತಿ ಹಿಡಿದರೋ ಬಿಟ್ಟರೋ, ಮೈಕು ಎಷ್ಟು ಸಲ ಕಿರುಚಿತು, ಯಾರ ಸೀರೆ ಹೊಸತು, ಎಲ್ಲಕ್ಕೂ ತೀರ್ಪು ಉಂಟು, ತೀರ್ಪಿಗೆ ಕಾರಣವೂ ಉಂಟು. ಹೂವಿಗೆ ಮಾತ್ರ ಒಂದೇ ಮಾತು: "ಡೆಕೋರೇಶನ್ ಚಂದ ಇತ್ತು." ಯಾಕೆ ಚಂದ, ಎಲ್ಲಿ ಚಂದ, ಯಾವುದು ಹೆಚ್ಚಾಯಿತು, ಯಾವುದು ಬೇಡವಿತ್ತು ಎಂದು ಯಾರೂ ಕೇಳುವುದಿಲ್ಲ. ಹಬ್ಬದ ಮುನ್ನಾದಿನ ಮಧ್ಯಾಹ್ನದಿಂದ ರಾತ್ರಿಯವರೆಗೆ ಬರಿಗಾಲಲ್ಲಿ ನಿಂತು, ನೀರಿನ ಬಕೆಟು ಹೊತ್ತು, ಗುಲಾಬಿ ಮುಳ್ಳು ಚುಚ್ಚಿಸಿಕೊಂಡು ಮಾಡಿದ ಕೆಲಸಕ್ಕೆ ಮೂರು ಶಬ್ದದ ವಿಮರ್ಶೆ! ಹಾಡನ್ನು ಕಲೆ ಎನ್ನುತ್ತೇವೆ, ಪ್ರಸಂಗವನ್ನು ವಿದ್ವತ್ತು ಎನ್ನುತ್ತೇವೆ, ಹೂವನ್ನು 'ಸೇವೆ' ಎಂದು ಹೇಳಿ ಮುಗಿಸಿಬಿಡುತ್ತೇವೆ. ಸೇವೆಯನ್ನು ಯಾರು ತಾನೇ ವಿಮರ್ಶಿಸಿಯಾರು?

ಇಲ್ಲಿ ನಾನು ವಿಮರ್ಶಿಸಲು ಹೊರಟಿದ್ದೇನೆ. ತಪ್ಪು ಹುಡುಕುವ ಚಪಲದಿಂದಲ್ಲ. ತಪ್ಪು ಒಪ್ಪು ಎರಡನ್ನೂ ಹೇಳಿಸಿಕೊಳ್ಳುವ ಯೋಗ್ಯತೆ ಈ ಕೆಲಸಕ್ಕೆ ಉಂಟು ಎಂದು ನಂಬಿರುವುದರಿಂದ. ಕೆಲವು ವರ್ಷಗಳಿಂದ ನಮ್ಮ ಕರಾವಳಿಯ ಇಗರ್ಜಿಗಳಲ್ಲಿ, ಹಬ್ಬಗಳಿಗೂ ಮದುವೆಗಳಿಗೂ, ಬಲಿಪೀಠದ ಸುತ್ತ ಹೊಸ ಬಣ್ಣಗಳು ಕಾಣಿಸಿಕೊಂಡಿವೆ. ನೀಲಿ ಸೇವಂತಿಗೆ, ನೇರಳೆ ಸುಗಂಧರಾಜ, ಗಿಳಿಹಸಿರು ಕಾರ್ನೇಶನ್, ಒಂದೇ ಹೂವಿನಲ್ಲಿ ನಾಲ್ಕು ಬಣ್ಣ ಹೊತ್ತ ಗುಲಾಬಿ. ಮದುವೆ ಹಾಲಿನ ಮಂಟಪದಿಂದ ಇವು ಮೆಲ್ಲನೆ ದೇವರ ಎದುರಿಗೂ ಬಂದಿವೆ. ದೂರದಿಂದ ಬಂದವುಗಳಷ್ಟೇ ಅಲ್ಲ, ನಮ್ಮ ಅಡುಗೆಮನೆಗಳಲ್ಲೇ ತಯಾರಾದವುಗಳೂ ಇವೆ. ನನ್ನ ಅಡುಗೆಮನೆಯೂ ಅವುಗಳಲ್ಲಿ ಒಂದು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳಿಗೆ ಬಣ್ಣದ ಪುಡಿ, ಹೂವು, ಗಾಜಿನ ಲೋಟ ಮೂರೂ ಒಟ್ಟಿಗೆ ಸಿಕ್ಕಿದರೆ ಸುಮ್ಮನೆ ಕೂರುವುದು ಹೇಗೆ?

ವಿಧಾನ ಸುಲಭ. ಬಿಳಿ ಹೂವನ್ನು ಉದ್ದ ದಂಟಿನೊಂದಿಗೆ ತಂದು, ಒಂದೆರಡು ಗಂಟೆ ನೀರಿಲ್ಲದೆ ಇಟ್ಟು ಸ್ವಲ್ಪ ಬಾಯಾರಿಸಬೇಕು. ಆಮೇಲೆ ದಂಟಿನ ತುದಿಯನ್ನು ನೀರಿನೊಳಗೆ ಮುಳುಗಿಸಿಯೇ ಓರೆಯಾಗಿ ಕತ್ತರಿಸಿ, ಉಗುರುಬೆಚ್ಚಗಿನ ಬಣ್ಣದ ನೀರಿನಲ್ಲಿ ನಿಲ್ಲಿಸಬೇಕು. ಗಾಳಿಯಲ್ಲಿ ಕತ್ತರಿಸಿದರೆ ದಂಟಿನ ನಾಳಗಳೊಳಗೆ ಗಾಳಿಗುಳ್ಳೆ ಸೇರಿ ನೀರಿನ ದಾರಿ ಕಟ್ಟುತ್ತದೆ. ಎಲೆಗಳೂ ದಳಗಳೂ ನೀರನ್ನು ಆವಿಯಾಗಿ ಬಿಡುತ್ತಿರುತ್ತವೆ; ಆ ಜಾಗ ತುಂಬಲು ಕೆಳಗಿನಿಂದ ನೀರು ಕ್ಸೈಲಮ್ ಎಂಬ ಸಪೂರ ಕೊಳವೆಗಳಲ್ಲಿ ಏರುತ್ತದೆ. ನೀರಿನ ಜೊತೆ ಬಣ್ಣವೂ ಏರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಬಣ್ಣ ಹೋಗಲಾರದೆ ದಳದಲ್ಲೇ ಉಳಿಯುತ್ತದೆ. ಅದಕ್ಕೇ ಮೊದಲು ಬಣ್ಣ ಕಾಣುವುದು ದಳದ ನರಗಳಲ್ಲಿ ಮತ್ತು ಅಂಚಿನಲ್ಲಿ. ಸಂಜೆ ಇಟ್ಟ ಸುಗಂಧರಾಜ ಬೆಳಿಗ್ಗೆ ಕಾಫಿಯ ಹೊತ್ತಿಗೆ ಅಂಚುಕಟ್ಟಿದ ಸೀರೆಯ ಹಾಗೆ ಕಾಣುತ್ತದೆ. ದಂಟನ್ನು ಉದ್ದಕ್ಕೆ ಸೀಳಿ ಎರಡು ಕಾಲುಗಳನ್ನು ಎರಡು ಲೋಟಗಳಲ್ಲಿ ಇಟ್ಟರೆ ಹೂವಿನ ಒಂದು ಪಕ್ಕ ಒಂದು ಬಣ್ಣ, ಇನ್ನೊಂದು ಪಕ್ಕ ಇನ್ನೊಂದು. ಪೇಟೆಯ 'ಮಳೆಬಿಲ್ಲಿನ ಗುಲಾಬಿ'ಯ ಗುಟ್ಟು ಇಷ್ಟೇ.

ಯಾವ ಬಣ್ಣವಾದರೂ ಆಗುವುದಿಲ್ಲ ಎಂಬುದೇ ಈ ಪ್ರಯೋಗದ ರುಚಿ. ಮಿಠಾಯಿಗೆ ಹಾಕುವ ಬಣ್ಣ ಚೆನ್ನಾಗಿ ಏರಿತು. ಪೆನ್ನಿನ ಶಾಯಿಯೂ ಏರಿತು. ಬೀಟ್‌ರೂಟ್ ರಸದಲ್ಲಿ ನಿಲ್ಲಿಸಿದ್ದು ತಲೆ ಬಗ್ಗಿಸಿತು. ಅರಿಸಿನ ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ, ಏರುವ ಮಾತೆಲ್ಲಿ? ಎಲ್ಲಕ್ಕಿಂತ ತಮಾಷೆ ನೀಡಿದ್ದು ಬಿಳಿ ಬಟ್ಟೆಗೆ ಹಾಕುವ ಹಳೆಯ ಕಾಲದ ನೀಲಿಪುಡಿ. ಲೋಟದ ನೀರು ಕಡುನೀಲಿ. ಹೂವು ಮಾತ್ರ ಬೆಳಿಗ್ಗೆಯೂ ಅಚ್ಚಬಿಳಿ. ಆ ಪುಡಿ ಕರಗಿದ ಬಣ್ಣವಲ್ಲ, ನೀರಿನಲ್ಲಿ ತೇಲುವ ನುಣ್ಣನೆಯ ಕಣ. ದಂಟಿನ ಬಾಗಿಲಲ್ಲೇ ಅದಕ್ಕೆ ತಡೆ.

ಈ ನೀಲಿಪುಡಿಗೊಂದು ಕತೆ ಉಂಟು. ಯುರೋಪಿನ ಹಳೆಯ ಚಿತ್ರಕಾರರು ಮಾತೆ ಮರಿಯಳ ಮೇಲುಹೊದಿಕೆಗೆ ಬಳಿಯುತ್ತಿದ್ದ ನೀಲಿ, ಅಫ್ಘಾನಿಸ್ತಾನದ ಗಣಿಗಳಿಂದ ಬಂದ ಲ್ಯಾಪಿಸ್ ಲಜುಲಿ ಎಂಬ ಕಲ್ಲನ್ನು ಅರೆದು ತೆಗೆದದ್ದು. 'ಅಲ್ಟ್ರಾಮರೀನ್' ಎಂದರೆ ಸಮುದ್ರದ ಆಚೆಯದು. ಬೆಲೆಯಲ್ಲಿ ಚಿನ್ನದ ಜೊತೆ ಹೋಲಿಸುವಷ್ಟು ದುಬಾರಿ. ಅಷ್ಟು ದುಬಾರಿಯಾದ್ದರಿಂದಲೇ ಅದನ್ನು ಆ ತಾಯಿಗೆ ಮೀಸಲಿಟ್ಟರು. 1820ರ ದಶಕದ ಕೊನೆಯ ಹೊತ್ತಿಗೆ ಅದನ್ನು ಕಾರ್ಖಾನೆಯಲ್ಲಿ ತಯಾರಿಸುವ ಕ್ರಮ ಗೊತ್ತಾಯಿತು. ಆಮೇಲೆ ಅದೇ ನೀಲಿ ಅಗ್ಗವಾಗಿ ಬಟ್ಟೆ ಒಗೆಯುವ ಕಲ್ಲಿನ ಬುಡಕ್ಕೂ ಬಂತು. ಮರಿಯಮ್ಮನವರ ಹೊದಿಕೆಯ ಬಣ್ಣ ನಮ್ಮ ಬಕೆಟಿನಲ್ಲಿ! ನಾನಂತೂ ಇದನ್ನು ಇಳಿಕೆ ಎಂದು ತಿಳಿದವಳಲ್ಲ. ನಜರೇತಿನ ಆ ತಾಯಿಯೂ ಬಟ್ಟೆ ಒಗೆದವಳೇ ಇರಬೇಕಲ್ಲ.

ಹೂವಿಗೆ ಬಣ್ಣ ಕೊಡುವ ಇನ್ನೆರಡು ದಾರಿಗಳಿವೆ: ಅದ್ದುವುದು, ಮತ್ತು ಡಬ್ಬಿಯಿಂದ ಸ್ಪ್ರೇ ಹೊಡೆಯುವುದು. ಇವೆರಡರಲ್ಲೂ ಹೂವು ಏನೂ ಮಾಡುವುದಿಲ್ಲ. ಗೋಡೆ ಪೈಂಟನ್ನು ಸಹಿಸಿಕೊಳ್ಳುವ ಹಾಗೆ ಸಹಿಸಿಕೊಳ್ಳುತ್ತದೆ. ನೋಡುವ ಕಣ್ಣಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಬಣ್ಣ ಕುಡಿದ ಹೂವಿನಲ್ಲಿ ನರಗಳು ತೋರುತ್ತವೆ, ಮೊಗ್ಗು ಬಿಳಿಯಾಗಿಯೇ ಉಳಿದಿರುತ್ತದೆ, ಒಂದು ದಳ ಗಾಢ ಇನ್ನೊಂದು ತಿಳಿ. ಬಣ್ಣ ಹೊಡೆಸಿಕೊಂಡ ಹೂವು ಎಲ್ಲ ಕಡೆ ಒಂದೇ ಸಮ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲನ್ನು ನೀವು ನೋಡಿರಬಹುದು. ಇಟಲಿಯಿಂದ ಬಂದ ಜೆಸುಯಿಟ್ ಸಹೋದರ ಅಂತೋನಿಯೊ ಮೊಸ್ಕೇನಿ ಸುಮಾರು 1900ರ ಆಚೀಚೆ ಅದರ ಗೋಡೆ ಛಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಫ್ರೆಸ್ಕೊ ಎಂಬ ಕ್ರಮದಲ್ಲಿ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚುತ್ತಾರೆ. ಗಾರೆ ಒಣಗುವಾಗ ಬಣ್ಣ ಗೋಡೆಯದೇ ಆಗಿಬಿಡುತ್ತದೆ. ಬಣ್ಣ ಕುಡಿದ ಹೂವು ಫ್ರೆಸ್ಕೊದ ಜಾತಿ. ಸ್ಪ್ರೇ ಹೊಡೆದದ್ದು ಪೋಸ್ಟರಿನ ಜಾತಿ. ಕಸುಬಿನ ದೃಷ್ಟಿಯಿಂದ ಮೊದಲನೆಯದನ್ನು ನಾನು ಮೆಚ್ಚುತ್ತೇನೆ. ಎರಡನೆಯದರ ಮೇಲೆ ಹೆಚ್ಚು ಮಾತು ಖರ್ಚು ಮಾಡುವುದು ಬೇಡ.

ಹಾಗಾದರೆ ತಕರಾರು ಏನು? ಸಾಮಾನ್ಯವಾಗಿ ಕೇಳಿಬರುವ ತಕರಾರು: "ದೇವರು ಬಿಳಿ ಮಾಡಿದ್ದನ್ನು ನೀವು ಯಾಕೆ ನೀಲಿ ಮಾಡುವುದು?" ಈ ವಾದವನ್ನು ನಾನು ಎತ್ತುವುದಿಲ್ಲ, ಎತ್ತುವವರನ್ನೂ ಸ್ವಲ್ಪ ತಡೆದು ನಿಲ್ಲಿಸುತ್ತೇನೆ. ಯಾಕೆಂದರೆ ಈ ವಾದದ ತವರುಮನೆ ನನಗೆ ಗೊತ್ತು. ಕ್ರಿಸ್ತಶಕ 200ರ ಸುಮಾರಿಗೆ ಉತ್ತರ ಆಫ್ರಿಕಾದ ಕಾರ್ತೇಜಿನಲ್ಲಿದ್ದ ತೆರ್ತುಲ್ಲಿಯನ್ ಎಂಬ ಪಂಡಿತ ಹೆಂಗಸರ ಉಡುಪು ಅಲಂಕಾರಗಳ ಮೇಲೆಯೇ ಒಂದು ಗ್ರಂಥ ಬರೆದ. ನೇರಳೆ, ನೀಲಿ ಉಣ್ಣೆಯ ಬಟ್ಟೆ ದೇವರಿಗೆ ಬೇಕಿದ್ದಿದ್ದರೆ ಕುರಿಗಳನ್ನೇ ಆ ಬಣ್ಣದಲ್ಲಿ ಹುಟ್ಟಿಸಲು ಅವನಿಗೆ ಬರುತ್ತಿರಲಿಲ್ಲವೇ ಎಂಬುದು ಅದರಲ್ಲಿ ಅವನ ಒಂದು ತರ್ಕ. ಇನ್ನೊಂದು ಬರಹದಲ್ಲಿ ಆತ ಹೂವಿನ ಕಿರೀಟ ಧರಿಸುವುದನ್ನು ಖಂಡಿಸುತ್ತ, ಹೂವು ಇರುವುದು ಕಣ್ಣಿಗೂ ಮೂಗಿಗೂ. ತಲೆಗೆ ನೋಟವೂ ಇಲ್ಲ, ಘ್ರಾಣವೂ ಇಲ್ಲ. ಆದ್ದರಿಂದ ತಲೆಯಲ್ಲಿ ಹೂವಿಡುವುದು ಪ್ರಕೃತಿಗೆ ವಿರುದ್ಧ ಎಂಬರ್ಥದಲ್ಲಿ ವಾದಿಸುತ್ತಾನೆ. ಶಂಕರಪುರದ ಮಲ್ಲಿಗೆ ಮುಡಿದು ನಡೆಯುವ ನಮ್ಮ ಊರಿನ ಹೆಂಗಸರು ಈ ತರ್ಕ ಕೇಳಿದರೆ ಏನು ಹೇಳಿಯಾರೆಂದು ಊಹಿಸಿ! ಅಂತೂ 'ಪ್ರಕೃತಿಗೆ ವಿರುದ್ಧ' ಎಂಬ ಕೋಲು ಮೊದಲು ಬೀಳುವುದು ಹೂವಿನ ಮೇಲಾದರೂ, ಕೊನೆಗೆ ಬಂದು ಮುಟ್ಟುವುದು ಹೂವು ಮುಡಿದವಳ ಬೆನ್ನಿಗೆ.

ನಮ್ಮ ಹೂವಿನ ಗುಂಪಿನ ಒಬ್ಬ ಹುಡುಗಿ ಇದನ್ನು ನನಗಿಂತ ಚೆನ್ನಾಗಿ ಹೇಳಿದಳು. ಬಣ್ಣದ ಹೂವು ಬಲಿಪೀಠದ ಮುಂದೆ ಬೇಡ ಎಂದು ನಾನು ಹೇಳಿದಾಗ ಅವಳು ಕತ್ತರಿ ಕೆಳಗಿಟ್ಟು ಕೇಳಿದಳು: "ಟೀಚರೇ, ನಿಮ್ಮ ತಲೆಗೆ ಬಣ್ಣ ಆಗ್ತದೆ, ಹೂವಿಗೆ ಆಗುದಿಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. "ನನ್ನ ತಲೆಯನ್ನು ನಾನು ದೇವರ ಎದುರು ಹೂದಾನಿಯಲ್ಲಿ ಇಡುದಿಲ್ಲ ಮಾರಾಯ್ತಿ," ಎಂದೆ. ನಗೆಗೆ ಉತ್ತರ ಕೊಟ್ಟದ್ದಾಯಿತು, ಪ್ರಶ್ನೆಗೆ ಕೊಡುವುದು ಬಾಕಿ ಇತ್ತು. ಬಣ್ಣ ಹಾಕುವುದು ತಪ್ಪಲ್ಲ, ಸುಳ್ಳೂ ಅಲ್ಲ. ನೇಕಾರ ಹಾಕುತ್ತಾನೆ, ಚಿತ್ರಕಾರ ಹಾಕುತ್ತಾನೆ. ಹಾಗಿದ್ದರೆ ಬಲಿಪೀಠದ ಎದುರು ನಿಂತ ಹೂವಿನ ಕೆಲಸವೇನು? ಆ ಕೆಲಸಕ್ಕೆ ಬಣ್ಣ ನೆರವಾಗುತ್ತದೆಯೇ, ಅಡ್ಡಬರುತ್ತದೆಯೇ? ಅಳೆಯಬೇಕಾದದ್ದು ಇದನ್ನು.

ಬಣ್ಣದ ಪರವಾಗಿ ಗುಂಪಿನವರು ಹೇಳುವ ಮೊದಲ ಕಾರಣ ಪೂಜಾಕಾಲದ ಬಣ್ಣಗಳು. ಕಥೋಲಿಕ ಪೂಜೆಯಲ್ಲಿ ಗುರುಗಳ ಮೇಲುವಸ್ತ್ರಕ್ಕೆ ಕಾಲಕ್ಕೊಂದು ಬಣ್ಣ ಉಂಟು. ಕ್ರಿಸ್ಮಸ್ಸಿಗೂ ಪಾಸ್ಖಕ್ಕೂ ಬಿಳಿ. ಗರಿಗಳ ಭಾನುವಾರ, ಶುಭ ಶುಕ್ರವಾರ, ಪೆಂತೆಕೋಸ್ತ್ ಮತ್ತು ರಕ್ತಸಾಕ್ಷಿಗಳ ಹಬ್ಬಗಳಿಗೆ ಕೆಂಪು. ಸಾಧಾರಣ ಕಾಲಕ್ಕೆ ಹಸಿರು. ಆಗಮನ ಕಾಲಕ್ಕೂ ತಪಸ್ಸು ಕಾಲಕ್ಕೂ ನೇರಳೆ. ಈ ಎರಡು ನೇರಳೆ ಕಾಲಗಳ ನಡುವೆ ಒಂದೊಂದು ಭಾನುವಾರ ಗುಲಾಬಿ ಬಣ್ಣ ತೊಡಬಹುದು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ, ಮೂರನೆಯ ಇನ್ನೊಸೆಂಟ್ ಎಂಬ ಹೆಸರಿನ ಪೋಪ್ ಆಗುವುದಕ್ಕೆ ಮುಂಚೆ ಲೊಥಾರ್ ಎಂಬ ಕಾರ್ಡಿನಲ್ ರೋಮಿನ ರೂಢಿಯ ಬಣ್ಣಗಳನ್ನು ಬರೆದಿಟ್ಟರು. ಈಗಿನ ಕ್ರಮದ ಬೇರು ಅಲ್ಲಿಯದು. ನೀಲಿ ಈ ಸಾಮಾನ್ಯ ಪಟ್ಟಿಯಲ್ಲಿ ಇಲ್ಲ. ಅದು ಬಂದದ್ದು ಮರಿಯಮ್ಮನವರ ಚಿತ್ರಗಳಿಂದ.

ಆದರೆ ಗಮನಿಸಿ, ಈ ಪಟ್ಟಿ ವಸ್ತ್ರದ್ದು. ಹೂವಿಗೆ ಯೂನಿಫಾರ್ಮ್ ಹೊಲಿಸಬೇಕೆಂದು ಅದು ಎಲ್ಲಿಯೂ ಹೇಳುವುದಿಲ್ಲ. ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನಗಳ 305ನೆಯ ಅಂಶ ಹೂವಿನ ಬಗ್ಗೆಯೇ ಇದೆ. ಹೂವಿನ ಅಲಂಕಾರ ಯಾವಾಗಲೂ ಮಿತವಾಗಿರಬೇಕು. ಬಲಿಪೀಠದ ಮೇಲೆ ಇಡುವುದಕ್ಕಿಂತ ಅದರ ಸುತ್ತ ಇಡಬೇಕು. ಆಗಮನ ಕಾಲದಲ್ಲಿ ಕ್ರಿಸ್ಮಸ್ಸಿನ ಸಂತೋಷವನ್ನು ಮೊದಲೇ ಖರ್ಚು ಮಾಡಿಬಿಡದ ಹಾಗೆ ಹಿಡಿತವಿರಬೇಕು. ತಪಸ್ಸು ಕಾಲದಲ್ಲಿ ಬಲಿಪೀಠವನ್ನು ಹೂವಿನಿಂದ ಸಿಂಗರಿಸುವುದೇ ಕೂಡದು, ನಾಲ್ಕನೆಯ ಭಾನುವಾರ, ಮಹೋತ್ಸವ ಮತ್ತು ಹಬ್ಬಗಳ ಹೊರತು. ಇದು ಅದರ ತಾತ್ಪರ್ಯ.

ಹೀಗಿರುವಾಗ ತಪಸ್ಸು ಕಾಲಕ್ಕೆಂದು ಸುಗಂಧರಾಜಕ್ಕೆ ನೇರಳೆ ಕುಡಿಸಿ ಸಾಲಾಗಿ ನಿಲ್ಲಿಸುವವರಿಗೆ ಏನೆನ್ನಬೇಕು? ಆ ನಲವತ್ತು ದಿನಗಳ ಹೂವಿನ ಅಲಂಕಾರವೆಂದರೆ ಖಾಲಿ ಹೂದಾನಿ. ನಮ್ಮ ಮನೆಗಳಲ್ಲಿ ಸೂತಕವಿರುವಾಗ ತುಳಸಿಕಟ್ಟೆಯ ಎದುರು ರಂಗೋಲಿ ಬೀಳದಿರುವುದನ್ನು ನೋಡಿ ದಾರಿಹೋಕರೂ ವಿಷಯ ತಿಳಿಯುವುದಿಲ್ಲವೇ? ಅದಕ್ಕೆ ಬೂದುಬಣ್ಣದ ರಂಗೋಲಿ ಹಾಕುತ್ತೇವೆಯೇ? ಇಲ್ಲದಿರುವುದೇ ಅಲ್ಲಿ ಮಾತು. ಹೂವಿಲ್ಲದ ಬಲಿಪೀಠವನ್ನು ಆರು ವಾರ ನೋಡಿದ ಕಣ್ಣಿಗೆ ಪಾಸ್ಖದ ರಾತ್ರಿ ಒಂದು ಹಿಡಿ ಬಿಳಿ ಹೂವು ಬೆಳಕಿನಂತೆ ಕಾಣುತ್ತದೆ. ನಡುವೆ ನೇರಳೆ ತುಂಬಿಸಿಟ್ಟವರಿಗೆ ಆ ರಾತ್ರಿ ಬರೀ ಇನ್ನೊಂದು ಬಣ್ಣದ ಬದಲಾವಣೆ. ಬಣ್ಣದ ಹೂವಿನ ಮೇಲೆ ನನ್ನ ಅತಿ ದೊಡ್ಡ ಆಕ್ಷೇಪ ಇದು: ಬೇಕಾದಾಗ ಬೇಕಾದ ಬಣ್ಣ ಸಿಗುತ್ತದೆ ಎಂದಾಗ 'ಈಗ ಬೇಡ' ಎನ್ನುವ ಜಾಣ್ಮೆ ಮರೆತುಹೋಗುತ್ತದೆ.

ಎರಡನೆಯ ಆಕ್ಷೇಪ ಜೋಡಣೆಯ ಕಸುಬಿಗೆ ಸೇರಿದ್ದು. ಹೂವನ್ನು ಜೋಡಿಸುವವರು ಅದನ್ನು ಎರಡಡಿ ದೂರದಿಂದ ನೋಡಿ ಜೋಡಿಸುತ್ತೇವೆ. ಜನ ನೋಡುವುದು ಹದಿನೈದನೆಯ ಬೆಂಚಿನಿಂದ. ಹತ್ತಿರದಲ್ಲಿ ಸೊಗಸಾಗಿ ಕಂಡ ಕಡುನೀಲಿ, ಮೇಣದಬತ್ತಿಯ ಮತ್ತು ಹಳದಿ ದೀಪದ ಬೆಳಕಿನಲ್ಲಿ ಅಷ್ಟು ದೂರದಿಂದ ಕಪ್ಪು ಮುದ್ದೆ. ಹಳದಿ ಬೆಳಕಿನಲ್ಲಿ ನೀಲಿಯ ಪಾಲು ಕಡಿಮೆ. ಇಲ್ಲದ ನೀಲಿಯನ್ನು ಹೂವು ತಿರುಗಿ ಕೊಡುವುದಾದರೂ ಎಲ್ಲಿಂದ? ಗಾಢನೇರಳೆಯ ಪಾಡೂ ಅಷ್ಟೇ. ಬಿಳಿ ಮಾತ್ರ ಸಿಕ್ಕಿದ ಬೆಳಕನ್ನೆಲ್ಲ ಹಿಂದಕ್ಕೆ ಕೊಟ್ಟು ಕೊನೆಯ ಬೆಂಚಿನವರೆಗೂ ಮುಟ್ಟುತ್ತದೆ. ಸುಗಂಧರಾಜದ ಬಲವೇ ಅದರ ಬಿಳುಪು. ಅದನ್ನು ಕಸಿದು ಶಾಯಿ ಕುಡಿಸುವುದೆಂದರೆ ಒಳ್ಳೆಯ ಕಂಠದವಳನ್ನು ಕರೆದು ಬರೀ ತಾಳ ಹಾಕಿಸಿದ ಹಾಗೆ.

ಬಣ್ಣ ಬಂದ ಮೇಲೆ ಗಾತ್ರವೂ ಹೆಚ್ಚಿದೆ. ಬಣ್ಣ ತೋರಿಸಲು ರಾಶಿ ಬೇಕು, ರಾಶಿಗೆ ಸ್ಟ್ಯಾಂಡು ಬೇಕು, ಸ್ಟ್ಯಾಂಡಿಗೆ ಹಿನ್ನೆಲೆಯ ಪರದೆ ಬೇಕು. ಕೊನೆಗೆ ವಾಚನಪೀಠದಲ್ಲಿ ಓದುವ ಹುಡುಗಿಯ ಹಣೆ ಮಾತ್ರ ಕಾಣುತ್ತದೆ. ಬಲಿಪೀಠ ಯಾವುದು, ರಿಸೆಪ್ಷನ್ನಿನ ವೇದಿಕೆ ಯಾವುದು ಎಂದು ಫೋಟೋದಲ್ಲಿ ಗುರುತಿಸಲಾಗದ ಸ್ಥಿತಿ. ಇದರೊಟ್ಟಿಗೆ ಮನೆವಾರ್ತೆಯ ಮಾತೂ ಉಂಟು: ಅದ್ದಿದ ಹೂವು ತೊಟ್ಟಿಕ್ಕುತ್ತದೆ. ಬಲಿಪೀಠದ ಮೇಲಿನ ಹಾಸು ಬಿಳಿಯಾಗಿರಬೇಕೆಂದು ನಿಯಮ. ಪಕ್ಕದ ಒಂದು ಊರಿನಲ್ಲಿ ಹಬ್ಬದ ಮರುದಿನ ಆ ಹಾಸಿನ ಮೇಲಿನ ಹಸಿರು ಹನಿಗಳನ್ನು ತೊಳೆದು ತೊಳೆದು ಸುಸ್ತಾದ ಸಿಸ್ಟರೊಬ್ಬರ ಕೈಗಳನ್ನು ನಾನು ನೋಡಿದ್ದೇನೆ. ಡೆಕೋರೇಶನ್ನಿನ ಹೊಗಳಿಕೆ ಒಬ್ಬರಿಗೆ, ಒಗೆಯುವ ಕೆಲಸ ಇನ್ನೊಬ್ಬರಿಗೆ.

ಜೋಡಣೆಯಲ್ಲಿ ದೊಡ್ಡ ಹೆಸರು ಪಡೆದ ಕಾನ್‌ಸ್ಟನ್ಸ್ ಸ್ಪ್ರೈ ಎಂಬ ಇಂಗ್ಲಿಷ್ ಮಹಿಳೆ 1953ರಲ್ಲಿ ರಾಣಿ ಎಲಿಜಬೆತ್ ಅವರ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಹೂವಿನ ಹೊಣೆ ಹೊತ್ತವರು. ಅವರ ಖ್ಯಾತಿ ಅಪರೂಪದ ಬಣ್ಣಗಳಿಂದಷ್ಟೇ ಬಂದದ್ದಲ್ಲ. ಬೇಲಿಯ ಬಳ್ಳಿ, ತರಕಾರಿಯ ಎಲೆ, ಕಾಡು ಗಿಡ ಇವನ್ನು ಗುಲಾಬಿಯ ಪಕ್ಕದಲ್ಲಿ ಧೈರ್ಯವಾಗಿ ಇಟ್ಟದ್ದರಿಂದ ಬಂದದ್ದು. ನಮ್ಮಲ್ಲಿ ಹಾಗೆ ಇಡಲು ಏನುಂಟು ಎಂದು ಕೇಳುತ್ತೀರಾ? ಅಡಿಕೆಯ ಹಿಂಗಾರ ಉಂಟು. ದಂತದ ಬಣ್ಣದ ಆ ಗೊನೆ ಬಿಚ್ಚಿಕೊಂಡು ಇಳಿಬಿದ್ದರೆ ಯಾವ ಪೇಟೆಯ ಹೂವೂ ಅದರ ಎದುರು ನಿಲ್ಲುವುದಿಲ್ಲ. ಎಳೆಯ ತೆಂಗಿನ ಗರಿ ಉಂಟು, ಕೇಪಳದ ಕೆಂಪು ಉಂಟು, ಮಳೆಗಾಲದ ಜರಿಗಿಡ ಉಂಟು. ನೀಲಿಯೇ ಬೇಕೆಂದರೆ ಬೇಲಿಯಲ್ಲಿ ಶಂಖಪುಷ್ಪ, ನೇರಳೆಯೇ ಬೇಕೆಂದರೆ ಬೇಸಿಗೆಯಲ್ಲಿ ಹೊಳೆದಾಸವಾಳ.

ಇಲ್ಲಿ ಒಂದು ಎಚ್ಚರ ಬೇಕು. 'ನಮ್ಮ ಹೂವು, ಪರದೇಶದ ಹೂವು' ಎಂಬ ಜಗಳಕ್ಕೆ ನಾನು ಇಳಿಯುತ್ತಿಲ್ಲ. ನಮ್ಮದೆಂದು ಮುದ್ದಿಸುವ ಸುಗಂಧರಾಜದ ತವರು ಮೆಕ್ಸಿಕೊ. ಸೇವಂತಿಗೆ ಚೀನಾ ಕಡೆಯದು. ಕಾಗದದ ಹೂವು ಎಂದು ಕರೆಯುವ ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದಿಂದ ಬಂದದ್ದು. ಹೂವು ಎಲ್ಲಿ ಹುಟ್ಟಿತು ಎಂಬುದಲ್ಲ, ಯಾರು ನೀರು ಹಾಕಿದರು ಎಂಬುದರಿಂದ ಅದು ನಮ್ಮದಾಗುತ್ತದೆ.

ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನು ನೋಡಿ. ಕನ್ಯಾಮರಿಯಮ್ಮನ ಹುಟ್ಟುಹಬ್ಬವಾದ ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿ, ತಟ್ಟೆಗಳಲ್ಲಿ ಹೂವು ತಂದು ಬಾಲ ಮರಿಯಳ ಪ್ರತಿಮೆಗೆ ಎರಚುತ್ತಾರೆ. ಹಬ್ಬದ ದಿನ ಹೊಸ ತೆನೆಗೆ ಆಶೀರ್ವಾದ. ಆ ಬುಟ್ಟಿಯೊಳಗೆ ಇಣುಕಿದರೆ ಊರಿನ ಪಂಚಾಂಗವೇ ಕಾಣುತ್ತದೆ. ಮಳೆ ತಡವಾದ ವರ್ಷ ಗೊಂಡೆ ಹೂ ಕಡಿಮೆ. ಅಂಗಳಕ್ಕೆ ಸಿಮೆಂಟು ಹಾಕಿದ ಮನೆಯ ಮಗುವಿನ ಬುಟ್ಟಿಯಲ್ಲಿ ಪಕ್ಕದ ಮನೆಯ ದಾಸವಾಳ. ಅಜ್ಜಿ ಇರುವ ಮನೆಯ ಬುಟ್ಟಿಯಲ್ಲಿ ಹೆಸರೇ ಗೊತ್ತಿಲ್ಲದ ಬೇಲಿಯ ಹೂಗಳು. ಆ ಹೂವು ತಾನು ಯಾವ ತಿಂಗಳಿನದು, ಯಾರ ಅಂಗಳದ್ದು, ಯಾವಾಗ ಕೊಯ್ದದ್ದು ಎಂದು ಹೇಳುತ್ತದೆ. ದೇವರ ಎದುರಿನ ಹೂವಿನ ಕೆಲಸ ಅದೇ ಎಂದು ನಾನು ತಿಳಿದಿದ್ದೇನೆ: 'ಇಂದು, ಇಲ್ಲಿ, ಇವರು' ಎಂದು ಹೇಳಿ, ನಾಳೆ ಬಾಡುವುದು.

ಬಣ್ಣ ಕುಡಿದ ಹೂವು ಈ ಮೂರನ್ನೂ ಅಳಿಸುತ್ತದೆ. ಅದಕ್ಕೆ ತಿಂಗಳಿಲ್ಲ, ಊರಿಲ್ಲ. ಅಂಚು ಕಂದಿದರೂ ಬಣ್ಣ ಅದನ್ನು ಮುಚ್ಚುವುದರಿಂದ ವಯಸ್ಸೂ ಇಲ್ಲ. ಮೊಂತಿ ಹಬ್ಬದ ದಿನವೂ ಮಕ್ಕಳ ಬುಟ್ಟಿಯ ಹೂವು ಕೆಳಗೆ ಚೆಲ್ಲಿ, ಮೇಲೆ 'ಮರಿಯಮ್ಮನ ಬಣ್ಣ' ಎಂದು ನೀಲಿ ಸೇವಂತಿಗೆ ನಿಂತಿರುವುದನ್ನು ಕಂಡಾಗ ಯಾವುದು ಅರ್ಪಣೆ, ಯಾವುದು ಅಲಂಕಾರ ಎಂಬುದು ನನಗೆ ಸ್ಪಷ್ಟವಾಯಿತು. ಆ ತಾಯಿಗೆ ಚಿತ್ರಕಾರರು ನೀಲಿ ಕೊಟ್ಟದ್ದು ಅದು ತಮ್ಮ ಕೈಗೆಟುಕುವ ಅತ್ಯಂತ ಬೆಲೆಯ ವಸ್ತು ಎಂಬ ಕಾರಣಕ್ಕೆ. ನಮ್ಮ ಕೈಯ ಅತ್ಯಂತ ಬೆಲೆಯ ವಸ್ತು ಯಾವುದು? ಮಿಠಾಯಿ ಬಣ್ಣದ ಪೊಟ್ಟಣವೋ, ಮಗು ಬೆಳಿಗ್ಗೆ ಎದ್ದು ಒದ್ದೆ ಬೇಲಿಯಿಂದ ಕೊಯ್ದ ಹೂವೋ?

ಇಲ್ಲದ ಬಣ್ಣದ ಮೋಹ ನಮಗೆ ಮಾತ್ರ ಇರುವುದೆಂದು ಹೇಳಲಾರೆ. 1892ರಲ್ಲಿ ಲಂಡನ್ನಿನಲ್ಲಿ ಆಸ್ಕರ್ ವೈಲ್ಡ್ ತನ್ನ ನಾಟಕದ ಮೊದಲ ಪ್ರದರ್ಶನಕ್ಕೆ ಗೆಳೆಯರಿಂದ ಹಸಿರು ಬಣ್ಣದ ಕಾರ್ನೇಶನ್ ತೊಡಿಸಿದ. ಪ್ರಕೃತಿಯಲ್ಲಿ ಇಲ್ಲದ್ದೇ ಅದರ ಆಕರ್ಷಣೆ. ಗುಲಾಬಿಗೆ ನೀಲಿಯ ವರ್ಣದ್ರವ್ಯ ಇಲ್ಲವೆಂದು ವಿಜ್ಞಾನಿಗಳು ಬೇರೆ ಹೂವಿನ ಜೀನು ಸೇರಿಸಿದರು. ಜಪಾನಿನಲ್ಲಿ 2009ರಲ್ಲಿ ಮಾರಾಟಕ್ಕೆ ಬಂದ ಆ 'ನೀಲಿ ಗುಲಾಬಿ' ಕಣ್ಣಿಗೆ ತಿಳಿನೇರಳೆ. ಅಷ್ಟು ವರ್ಷಗಳ ತಪಸ್ಸಿಗೂ ಒಲಿಯದ ನೀಲಿ ಪೇಟೆಯ ಬಕೆಟಿನಲ್ಲಿ ಒಂದು ರಾತ್ರಿಗೆ ಸಿಗುತ್ತದೆ. ಇಷ್ಟು ಸುಲಭವಾದದ್ದರಿಂದಲೇ ಅದು ಬೇಗ ಹಳಸುತ್ತದೆ.

ಇನ್ನು ಪರಪಕ್ಷ. ಅದನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ. ಹಣವಿರುವ ದೊಡ್ಡ ಇಗರ್ಜಿಗಳು ಬೆಂಗಳೂರಿನಿಂದ ಬೇಕಾದ ಹೂವು ತರಿಸುತ್ತವೆ. ಸಣ್ಣ ಊರಿನ ಹೆಂಗಸರ ಕೈಯಲ್ಲಿರುವುದು ನಾಲ್ಕು ಕಟ್ಟು ಸುಗಂಧರಾಜ ಮತ್ತು ಹಬ್ಬ ಚೆನ್ನಾಗಿ ಕಾಣಬೇಕೆಂಬ ಆಸೆ. ಅವರಿಗೆ ಬಣ್ಣದ ಪುಡಿ ಒಂದು ಸ್ವಾತಂತ್ರ್ಯ. ಆ ಹುಡುಗಿ ದಂಟು ಸೀಳಿ ಎರಡು ಬಣ್ಣ ತರಿಸುವ ಕೌಶಲವನ್ನು ಯಾರೂ ಕಲಿಸದೆ ಕಲಿತಳು. ಎಷ್ಟು ಬಾಯಾರಿಸಬೇಕು, ಎಷ್ಟು ಹೊತ್ತಿಗೆ ತೆಗೆಯಬೇಕು ಎಂಬುದು ಅವಳ ಬೆರಳಿಗೆ ಗೊತ್ತು. "ಹೂವಿನ ಕೆಲಸ ಬಿಟ್ಟರೆ ಇಲ್ಲಿ ನಮ್ಮ ತಲೆಯಲ್ಲಿ ಇದ್ದದ್ದು ಮಾಡ್ಲಿಕ್ಕೆ ಜಾಗ ಎಲ್ಲಿ ಉಂಟು ಟೀಚರೇ?" ಎಂದು ಅವಳು ಇನ್ನೊಮ್ಮೆ ಕೇಳಿದಳು. ಈ ಸಲ ಯಾರೂ ನಗಲಿಲ್ಲ. ಇದು ಹೂವಿನ ಪ್ರಶ್ನೆಯಲ್ಲ. ಇದಕ್ಕೆ ಉತ್ತರ ಹೇಳಬೇಕಾದವರು ಹೂದಾನಿಯ ಹತ್ತಿರ ನಿಂತಿರುವುದೂ ಇಲ್ಲ. ಆದರೆ ಅವಳ ಮಾತು ಸತ್ಯ: ವೇದಿಕೆಯ ಮೇಲೆ ಹೆಂಗಸರಿಗೆ ತಮ್ಮ ಬುದ್ಧಿಯಿಂದ ಏನಾದರೂ ನಿರ್ಧರಿಸಲು ಸಿಕ್ಕಿದ ಜಾಗ ಕಡಿಮೆ, ಅದರಲ್ಲಿ ಹೂವು ಒಂದು. ಅದಕ್ಕೇ ಆ ಜಾಗದಲ್ಲಿ ಪೇಟೆಯ ಫ್ಯಾಷನ್ನು ನಿರ್ಧರಿಸಬಾರದು, ನಾವು ನಿರ್ಧರಿಸಬೇಕು ಎಂದು ನಾನು ಹಟ ಹಿಡಿಯುವುದು.

ಅವಳ ಕೌಶಲಕ್ಕೆ ಜಾಗವೂ ಸಿಕ್ಕಿತು. ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಅವಳು ಮಕ್ಕಳ ಎದುರು ಒಂದು ದಂಟು ಸೀಳಿ ಎರಡು ಲೋಟಗಳಲ್ಲಿ ನಿಲ್ಲಿಸಿದಳು. ಪಾಠ ಮುಗಿಯುವ ಹೊತ್ತಿಗೆ ಕೆಂಪು ನರ ಒಂದು ಕಡೆ, ನೀಲಿ ನರ ಇನ್ನೊಂದು ಕಡೆ ಮೂಡತೊಡಗಿತು. ಬುಡದಲ್ಲಿ ಕುಡಿದದ್ದು ಮುಖದಲ್ಲಿ ಕಾಣುತ್ತದೆ ಎಂದು ಅವಳು ಹೇಳಿದ್ದು ಅಷ್ಟೇ. ನಾನು ಕೇಳಿದ ಪ್ರಸಂಗಗಳಲ್ಲಿ ಅದಕ್ಕಿಂತ ಚಿಕ್ಕದೂ ಅದಕ್ಕಿಂತ ಒಳ್ಳೆಯದೂ ಕಡಿಮೆ. ಬಣ್ಣ ಕುಡಿದ ಹೂವಿನ ಸರಿಯಾದ ಪೀಠ ಆ ಮೇಜು. ಅಲ್ಲಿ ಅದು ನೀರಿನ ದಾರಿಯನ್ನು ಬಿಚ್ಚಿ ತೋರಿಸುತ್ತದೆ, ಏನನ್ನೂ ಮುಚ್ಚುವುದಿಲ್ಲ.

ಬಲಿಪೀಠದ ಎದುರು ಮಾತ್ರ ನನ್ನ ಮತ ಬಿಳಿ ಸುಗಂಧರಾಜಕ್ಕೆ. ತಪಸ್ಸು ಕಾಲದ ನಾಲ್ಕನೆಯ ಭಾನುವಾರ, ಗುಲಾಬಿ ಬಣ್ಣಕ್ಕೂ ಹೂವಿಗೂ ಅಪ್ಪಣೆಯಿರುವ ಆ ಒಂದು ದಿನ, 'ಗುಲಾಬಿ ಎಲ್ಲಿಂದ ತರುವುದು' ಎಂದು ಚಿಂತಿಸುವವರು ಬಣ್ಣದ ಪೊಟ್ಟಣ ಬಿಚ್ಚುವ ಮೊದಲು ಸುಗಂಧರಾಜದ ಮೊಗ್ಗನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಲಿ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಳೆಸಿದ 'ಶೃಂಗಾರ' ಎಂಬ ತಳಿಯಲ್ಲಂತೂ ಅರಳದ ಮೊಗ್ಗಿಗೆ ಎಳೆಯ ಗುಲಾಬಿ ಛಾಯೆ ಉಂಟು. ಅರಳಿದ ಮೇಲೆ ಅದು ಬಿಳಿ.